ಚರ್ಚು ಹೇಳಿದ್ದೆಲ್ಲ ಕಾನೂನಾಗ್ಬೇಕಾ? ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಸಂತ ಥಾಮಸ್ ಮೋರ್ ಬಗ್ಗೆ ಅರ್ಧ ಪುಟ ಬರೆದಿದ್ದೆ. ಇಂಗ್ಲೆಂಡಿನ ಎಂಟನೇ ಹೆನ್ರಿ ತಾನೇ ಅಲ್ಲಿನ ಚರ್ಚಿಗೆ ಮುಖ್ಯಸ್ಥ ಅಂತ ಕಾನೂನು ಮಾಡ್ಕೊಂಡಾಗ ಅದಕ್ಕೆ ಪ್ರಮಾಣ ಮಾಡ್ಲಿಕ್ಕೆ ಒಪ್ಪದೆ, 1535ರ ಜುಲೈ 6ಕ್ಕೆ ತಲೆ ಕೊಟ್ಟ ವಕೀಲ ಅವರು, ಅದಕ್ಕೂ ಮೊದಲು ಅದೇ ರಾಜನ ಚಾನ್ಸಲರ್, ಅಂದ್ರೆ ಅತಿ ದೊಡ್ಡ ಅಧಿಕಾರಿ, ಆಗಿದ್ದವರು. ಅದನ್ನ ಓದಿ ಬಂದ ಪತ್ರ, ವಾಟ್ಸಾಪ್ ಮೆಸೇಜು ಎಲ್ಲ ಸೇರಿಸಿದ್ರೆ ಒಂದು ಫೈಲ್ ಆಯ್ತು. ಹೊಗಳಿಕೆ ಕಡಿಮೆ, ಜಗಳ ಜಾಸ್ತಿ, ಅದು ನನಗೆ ಖುಷಿಯೇ. ಸುತ್ತಿ ಬಳಸಿ ಎಲ್ಲರೂ ಕೇಳೋದು ಒಂದೇ, ನಂಬಿಕೆ ಒಂದು ಹೇಳ್ತದೆ, ದೇಶದ ಕಾನೂನು ಇನ್ನೊಂದು ಹೇಳ್ತದೆ, ನಡುವೆ ನಿಂತವ ಏನು ಮಾಡ್ಬೇಕು. ನಾನು ಮೂವತ್ತು ವರ್ಷ ಲಾ ಕಾಲೇಜಲ್ಲಿ ಪಾಠ ಮಾಡಿದವ, ಭಾನುವಾರದ ಪೂಜೆ ತಪ್ಪಿಸದವ ಕೂಡ. ಎರಡೂ ಕಡೆಯವನಾಗಿಯೇ ಉತ್ತರ ಬರೀತಾ ಇದ್ದೇನೆ.

ಪ್ರಶ್ನೆ: ಸರ್, ಮನಸ್ಸಾಕ್ಷಿಗಾಗಿ ತಲೆ ಕೊಟ್ಟವರ ಕತೆ ಚೆನ್ನಾಗೇ ಬರ್ದೀರಿ. ಆದ್ರ ನಮ್ಮೂರ ಹುಡುಗಿ ಸವಿತಾ ಹಾಲಪ್ಪನವರ್ ಐರ್ಲೆಂಡಿನಾಗ ತೀರಿಕೊಂಡಾಗ ನಾನು ಡಿಗ್ರಿ ಓದ್ತಿದ್ದೆ, ನಮ್ಮ ಓಣಿಯೊಳಗ ಎಲ್ಲಾರೂ ಅತ್ತಿದ್ರು. ಇದು ಕ್ಯಾಥೊಲಿಕ್ ದೇಶ ಅಂತ ಹೇಳಿ ಗರ್ಭಪಾತ ಮಾಡ್ಲಿಲ್ಲ ಅಂತ ಪೇಪರಿನಾಗ ಬಂದಿತ್ತು. ನಿಮ್ಮ ಧರ್ಮದ ನಂಬಿಕೆ ಕಾನೂನಾದ್ರ ಬ್ಯಾರೆ ಮಂದಿ ಜೀವ ಕೊಡಬೇಕೇನ್ರಿ? (ಒಬ್ಬ ಓದುಗರು, ಬೆಳಗಾವಿ)

ಮೇಡಂ, ನಿಮ್ಮ ಪತ್ರ ಮೂರು ಸಲ ಓದಿದೆ. ನಿಮ್ಮ ಸಿಟ್ಟು ನ್ಯಾಯವಾದದ್ದು, ಅದನ್ನ ತಣ್ಣಗೆ ಮಾಡ್ಲಿಕ್ಕೆ ನಾನು ಈ ಉತ್ತರ ಬರೀತಾ ಇಲ್ಲ.

ಆಗಿದ್ದು ಏನು ಅಂತ ಗೊತ್ತಿಲ್ಲದ ಓದುಗರಿಗೆ ಹೇಳ್ತೇನೆ. ಸವಿತಾ ಹಲ್ಲಿನ ಡಾಕ್ಟರು, ವಯಸ್ಸು 31, ಹದಿನೇಳು ವಾರದ ಗರ್ಭಿಣಿ. 2012ರ ಅಕ್ಟೋಬರ್ 21ಕ್ಕೆ ಬೆನ್ನು ನೋವು ಅಂತ ಗಾಲ್ವೇ ಊರಿನ ಆಸ್ಪತ್ರೆಗೆ ಹೋದ್ರು. ಮಗು ಉಳಿಯೋದಿಲ್ಲ, ಗರ್ಭ ಇಳಿದು ಹೋಗ್ತದೆ ಅಂತ ಡಾಕ್ಟರುಗಳಿಗೇ ಗೊತ್ತಾಯ್ತು. ಹಾಗಾದ್ರೆ ಬೇಗ ಮುಗಿಸಿ ಕೊಡಿ ಅಂತ ಸವಿತಾ ಕೇಳಿದ್ರು, ಮಗುವಿನ ಎದೆಬಡಿತ ಇನ್ನೂ ಉಂಟು, ಅದು ಇರೋವರೆಗೆ ಆಗೋದಿಲ್ಲ ಅಂದ್ರು. ಎದೆಬಡಿತ ನಿಲ್ಲೋ ಹೊತ್ತಿಗೆ ಸವಿತಾ ಅವರ ರಕ್ತಕ್ಕೆ ನಂಜು ಏರಿ ಆಗಿತ್ತು. 28ಕ್ಕೆ ತೀರಿಕೊಂಡ್ರು. "ಇದು ಕ್ಯಾಥೊಲಿಕ್ ದೇಶ" ಅನ್ನೋ ಮಾತು ಹೌದು, ತಾನು ಹಾಗೆ ಹೇಳಿದ್ದೆ ಅಂತ ಅಲ್ಲಿನ ಸೂಲಗಿತ್ತಿ ನರ್ಸ್ ಒಬ್ಬರು 2013ರ ವಿಚಾರಣೆಯಲ್ಲಿ ಒಪ್ಪಿಕೊಂಡ್ರು. ಅಲ್ಲಿನ ಆರೋಗ್ಯ ಇಲಾಖೆಯ ತನಿಖೆ ಎರಡು ವಿಷಯ ಹೇಳ್ತು, ಒಂದು ಸೋಂಕು ಏರೋದನ್ನ ಸರಿಯಾಗಿ ಗಮನಿಸ್ಲಿಲ್ಲ ಅಂತ, ಇನ್ನೊಂದು ಎದೆಬಡಿತ ನಿಲ್ಲೋವರೆಗೆ ಕೈ ಹಾಕಬಾರ್ದು ಅನ್ನೋದಕ್ಕೇ ಎಲ್ಲರ ಗಮನ ಹೋಗಿತ್ತು ಅಂತ. ಈ ಎರಡನೇದು ಎಲ್ಲಿಂದ ಬಂತು ಅಂದ್ರೆ ಕಾನೂನಿಂದ.

1983ರಲ್ಲಿ ಐರ್ಲೆಂಡಿನವರು ಜನಮತ ಹಾಕಿ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದ್ರು, ಹುಟ್ಟದ ಮಗುವಿನ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ ಸಮ ಅಂತ. ಶೇಕಡಾ 66.9 ಜನ ಹೌದು ಅಂದಿದ್ರು. ಓದ್ಲಿಕ್ಕೆ ಸರಿಯೇ ಕಾಣ್ತದೆ, ಗರ್ಭದಲ್ಲಿರೋದು ಜೀವವೇ ಅಂತ ನಂಬೋ ನನ್ನಂಥವನಿಗೆ ಇನ್ನೂ ಸರಿ ಕಾಣ್ತದೆ, ನಾನು ಅದನ್ನ ನಂಬ್ತೇನೆ, ಮುಚ್ಚಿಡೋದಿಲ್ಲ. ಆದ್ರೆ ಒಂದು ವಾರ್ಡನ್ನ ಕಣ್ಣ ಮುಂದೆ ತಂದುಕೊಳ್ಳಿ. ರಾತ್ರಿ ಪಾಳಿಯ ಡಾಕ್ಟರು, ಜ್ವರ ಏರ್ತಾ ಇರೋ ರೋಗಿ, ಕೈಯಲ್ಲಿ ಎದೆಬಡಿತ ಕೇಳೋ ಮೆಷಿನ್ನು. ತಾಯಿಯ ಆರೋಗ್ಯಕ್ಕೆ ಅಪಾಯ ಆದ್ರೆ ಸಾಲದು, ಜೀವಕ್ಕೇ ಅಪಾಯ ಇರ್ಬೇಕು ಅಂತ ಕಾನೂನು. ಆರೋಗ್ಯದ ಅಪಾಯ ಜೀವದ ಅಪಾಯ ಆಗೋದು ಯಾವ ಗಂಟೆಗೆ? ಆ ಗೆರೆಯನ್ನ ಸಂವಿಧಾನ ಬರೆದವರು ಎಳೀಲಿಲ್ಲ, ವಾರ್ಡಿನವರು ಎಳೀಬೇಕಿತ್ತು, ತಪ್ಪಿದ್ರೆ ಜೈಲು. ಹೆದರಿದ ಮನುಷ್ಯ ಕಾಯ್ತಾನೆ. ಕಾಯ್ತಾ ಕೂತಾಗ ಸವಿತಾ ಹೋದ್ರು.

ಇನ್ನು ನನಗೆ ಅತಿ ಹೆಚ್ಚು ಸಂಕಟ ಕೊಡೋ ಮಾತು. ಕ್ಯಾಥೊಲಿಕ್ ನೀತಿಶಾಸ್ತ್ರ ಇಂಥ ಕಡೆ ಕೈ ಕಟ್ಟಿ ಕೂರಿ ಅಂತ ಹೇಳೋದೇ ಇಲ್ಲ. ತಾಯಿಗೆ ಗಂಭೀರ ಕಾಯಿಲೆ ಇದ್ದು ಚಿಕಿತ್ಸೆ ತಡ ಮಾಡ್ಲಿಕ್ಕೆ ಆಗದಿದ್ರೆ, ಆ ಕಾಯಿಲೆಯನ್ನ ವಾಸಿ ಮಾಡೋ ನೇರ ಉದ್ದೇಶದಿಂದ ಕೊಡೋ ಚಿಕಿತ್ಸೆಯಿಂದ ಮಗು ಉಳಿಯದೆ ಹೋದ್ರೂ ಆ ಚಿಕಿತ್ಸೆ ಕೊಡಬಹುದು ಅಂತ ಅಮೆರಿಕದ ಬಿಷಪ್‌ಗಳು ತಮ್ಮ ಆಸ್ಪತ್ರೆಗಳಿಗೆ ಕೊಟ್ಟ ನಿಯಮದಲ್ಲೇ ಬರೆದಿದ್ದಾರೆ. ಅಂದ್ರೆ ಯಾವ ಧರ್ಮದ ಹೆಸರು ಹೇಳಿ ಕಾದು ಕೂತರೋ ಆ ಧರ್ಮದ ವಿಚಾರ ಆ ಕಾನೂನಿಗಿಂತ, ಆ ಭಯಕ್ಕಿಂತ ಸೂಕ್ಷ್ಮವಾಗಿತ್ತು. ಶತಮಾನಗಟ್ಟಲೆ ಯೋಚನೆ ಮಾಡಿ ಒಂದೊಂದು ಸಂದರ್ಭ ಬಿಡಿಸಿ ಬಿಡಿಸಿ ನೋಡಿದ ನೀತಿಯನ್ನ ಸಂವಿಧಾನದ ಒಂದು ವಾಕ್ಯಕ್ಕೆ ಹಿಂಡಿ ಇಟ್ರೆ ಹೀಗೇ ಆಗೋದು.

ಹದಿಮೂರನೇ ಶತಮಾನದಲ್ಲೇ ನಮ್ಮ ಚರ್ಚಿನ ದೊಡ್ಡ ತತ್ವಜ್ಞಾನಿ ಸಂತ ಥಾಮಸ್ ಅಕ್ವಿನಾಸ್ ಇದನ್ನ ಹೇಳಿದ್ದಾರೆ. ಮನುಷ್ಯ ಮಾಡೋ ಕಾನೂನು ಎಲ್ಲ ಪಾಪವನ್ನೂ ನಿಷೇಧ ಮಾಡ್ಬಾರ್ದು, ಹೆಚ್ಚಿನ ಜನರಿಂದ ದೂರ ಇಡ್ಲಿಕ್ಕೆ ಆಗುವಂಥ ದೊಡ್ಡ ಕೆಡುಕುಗಳನ್ನ, ಅದ್ರಲ್ಲೂ ಬೇರೆಯವರಿಗೆ ಹಾನಿ ಮಾಡೋವನ್ನ, ಕೊಲೆ ಕಳ್ಳತನ ಇಂಥವನ್ನ ತಡೆದ್ರೆ ಸಾಕು ಅಂತ. ಯಾಕಂದ್ರೆ ಕಾನೂನು ಇರೋದು ಸಂತರಿಗಲ್ಲ, ಸಾಮಾನ್ಯ ಜನಕ್ಕೆ. ಗರ್ಭಪಾತ ಹಾನಿಯ ಲೆಕ್ಕಕ್ಕೇ ಬರ್ತದೆ ಅಂತ ನಮ್ಮ ಬಿಷಪ್‌ಗಳು ವಾದ ಮಾಡ್ತಾರೆ, ಆ ವಾದಕ್ಕೆ ತೂಕ ಇಲ್ಲ ಅಂತ ನಾನು ಹೇಳೋದಿಲ್ಲ. ಆದ್ರೆ ಕಾನೂನಿನ ಕೈಗೆ ಏನು ಕೊಡ್ತೇವೆ, ಆ ಕೈ ಎಷ್ಟು ದಪ್ಪ ಅನ್ನೋದನ್ನ ನೋಡಿ ಕೊಡಿ ಅಂತ ಅಕ್ವಿನಾಸ್ ಹೇಳ್ತಾರಲ್ಲ, ಅದನ್ನ ಐರ್ಲೆಂಡಲ್ಲಿ ಮರೆತ್ರು. ಅಲ್ಲಿ ಮರೆಯೋದು ಹಳೇ ಚಾಳಿ ಕೂಡ. 1951ರಲ್ಲಿ ನೋಯೆಲ್ ಬ್ರೌನ್ ಅಂತ ಆರೋಗ್ಯ ಮಂತ್ರಿ ತಾಯಿ ಮಕ್ಕಳಿಗೆಲ್ಲ ಫ್ರೀ ಚಿಕಿತ್ಸೆ ಕೊಡೋ ಯೋಜನೆ ತಂದಾಗ ಬಿಷಪ್‌ಗಳು ಬೇಡ ಅಂದ್ರು, ಸರ್ಕಾರ ಬಗ್ಗಿತು, ಮಂತ್ರಿ ರಾಜೀನಾಮೆ ಕೊಟ್ಟು ಎಲ್ಲ ಪತ್ರ ವ್ಯವಹಾರವನ್ನ ಪೇಪರಿಗೆ ಕೊಟ್ಟುಬಿಟ್ರು. ತಾಯಿ ಮಕ್ಕಳ ಔಷಧಿಗೆ ಅಡ್ಡ ನಿಂತ ಆ ದಿನ ನಮ್ಮ ಚರ್ಚು ಕಳ್ಕೊಂಡಿದ್ದನ್ನ ಮತ್ತೆ ಸಂಪಾದನೆ ಮಾಡ್ಲಿಕ್ಕೆ ಆಗ್ಲಿಲ್ಲ ಅಂತ ನನ್ನ ಅಭಿಪ್ರಾಯ.

2018ರ ಮೇ 25ಕ್ಕೆ ಅದೇ ಐರ್ಲೆಂಡಿನ ಜನ ಎಂಟನೇ ತಿದ್ದುಪಡಿ ತೆಗೆದುಹಾಕಿದ್ರು, ಈ ಸಲ ಶೇಕಡಾ 66.4. ತಿದ್ದುಪಡಿ ತಂದಾಗ ಎಷ್ಟು ಬಹುಮತವೋ ತೆಗೆಯುವಾಗಲೂ ಹತ್ತಿರ ಹತ್ತಿರ ಅಷ್ಟೇ. ಡಬ್ಲಿನ್ನಿನ ಗೋಡೆಯ ಮೇಲೆ ಬರೆದ ಸವಿತಾ ಅವರ ಚಿತ್ರದ ಸುತ್ತ ಜನ ಚೀಟಿ ಅಂಟಿಸಿ ಹೋದ್ರು, ಅದ್ರಲ್ಲಿ ತುಂಬಾ ಚೀಟಿಗಳಲ್ಲಿ ಇದ್ದದ್ದು ಕ್ಷಮಿಸು ಅನ್ನೋ ಮಾತು. ಅವರಲ್ಲಿ ಎಷ್ಟೋ ಜನ ಬ್ಯಾಪ್ಟಿಸಮ್ ಆದ ಕ್ಯಾಥೊಲಿಕರೇ ಮೇಡಂ.

ಪ್ರಶ್ನೆ: "ಅನ್ಯಾಯದ ಕಾನೂನು ಕಾನೂನೇ ಅಲ್ಲ" ಅಂತ ಸಂತ ಅಗಸ್ಟೀನ್ ಹೇಳಿದ್ದು ಅಂತ ಕ್ಲಾಸಲ್ಲಿ ಹೇಳಿದ್ರು. ಹಾಗಾದ್ರೆ ನನಗೆ ಅನ್ಯಾಯ ಅನ್ಸಿದ ಕಾನೂನನ್ನ ನಾನು ಪಾಲಿಸ್ಬೇಕಾಗಿಲ್ವಾ? (ಲಾ ವಿದ್ಯಾರ್ಥಿ, ದಾವಣಗೆರೆ)

ತಮ್ಮಾ, ಪರೀಕ್ಷೆಗೆ ಆ ಒಂದು ಸಾಲು ಬರೆದು ಬಿಟ್ಟುಬಿಡಬೇಡ. ಅಗಸ್ಟೀನರ ಆ ಮಾತನ್ನ ಅಕ್ವಿನಾಸ್ ತಗೊಂಡು ಮುಂದಕ್ಕೆ ಬೆಳೆಸಿದ್ರು. ಕಾನೂನು ಅಂದ್ರೆ ಏನು ಅಂತ ಅವರು ಕೊಟ್ಟ ವ್ಯಾಖ್ಯೆಯಲ್ಲಿ ನಾಲ್ಕು ಅಂಶ ಉಂಟು. ಅದು ವಿವೇಕದಿಂದ ಹುಟ್ಟಿರ್ಬೇಕು, ಎಲ್ಲರ ಹಿತಕ್ಕಾಗಿ ಇರ್ಬೇಕು, ಸಮಾಜದ ಜವಾಬ್ದಾರಿ ಇರೋರು ಮಾಡಿರ್ಬೇಕು, ಜನಕ್ಕೆ ಗೊತ್ತಾಗೋ ಹಾಗೆ ಪ್ರಕಟ ಮಾಡಿರ್ಬೇಕು. ಇದ್ರಲ್ಲಿ ದೇವರ ಹೆಸರು ಎಲ್ಲೂ ಇಲ್ಲ, ಗಮನಿಸು. ಯಾವ ಧರ್ಮದವನಾದ್ರೂ, ಧರ್ಮ ಬೇಡ ಅನ್ನೋನಾದ್ರೂ ಈ ನಾಲ್ಕನ್ನ ಹಿಡಿದು ಒಂದು ಕಾನೂನನ್ನ ಅಳೀಬಹುದು, ನನಗೆ ಇಡೀ ಕ್ಯಾಥೊಲಿಕ್ ವಿಚಾರದಲ್ಲಿ ಅತಿ ಇಷ್ಟ ಆಗೋದು ಇದೇ ಜಾಗ.

ಅನ್ಯಾಯ ಅಂದ್ರೆ ಯಾವುದು ಅಂತಲೂ ಹೇಳಿದ್ದಾರೆ, ಆಳೋನ ಸ್ವಂತ ಲಾಭಕ್ಕೆ ಮಾಡಿದ್ದು, ಅಧಿಕಾರ ಮೀರಿ ಮಾಡಿದ್ದು, ಹೊರೆಯನ್ನ ಒಬ್ಬರ ಮೇಲೆ ಜಾಸ್ತಿ ಒಬ್ಬರ ಮೇಲೆ ಕಡಿಮೆ ಹೊರಿಸಿದ್ದು. ಇಂಥದ್ದು ಮನಸ್ಸಾಕ್ಷಿಯನ್ನ ಕಟ್ಟಿಹಾಕೋದಿಲ್ಲ. ಆದ್ರೆ ಅಲ್ಲೂ ಒಂದು ತಡೆ ಇಟ್ಟಿದ್ದಾರೆ, ನೀನು ಮುರಿಯೋದ್ರಿಂದ ಇನ್ನೂ ದೊಡ್ಡ ಗಲಾಟೆ ಆಗೋದಾದ್ರೆ ನಿನ್ನ ಹಕ್ಕನ್ನ ಬಿಟ್ಟುಕೊಡಬೇಕಾಗಬಹುದು ಅಂತ. ಕಾನೂನೇ ನಿನ್ನ ಕೈಯಲ್ಲಿ ಕೆಟ್ಟದ್ದು ಮಾಡಿಸ್ತದೆ ಅಂದ್ರೆ ಮಾತ್ರ ಯಾವ ಕಾರಣಕ್ಕೂ ಮಾಡ್ಬಾರ್ದು.

1963ರ ಏಪ್ರಿಲಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್ ಜೈಲಲ್ಲಿ ಕೂತು ಬರೆದ ಪತ್ರದಲ್ಲಿ ಅಗಸ್ಟೀನ್, ಅಕ್ವಿನಾಸ್ ಇಬ್ಬರ ಹೆಸರೂ ತಗೊಂಡಿದ್ದಾರೆ. ಕಿಂಗ್ ಕ್ಯಾಥೊಲಿಕ್ ಅಲ್ಲ, ಬ್ಯಾಪ್ಟಿಸ್ಟ್ ಪಾದ್ರಿ. ಅನ್ಯಾಯದ ಕಾನೂನನ್ನ ಮುರಿಯೋನು ಬಹಿರಂಗವಾಗಿ ಮುರೀಬೇಕು, ಶಿಕ್ಷೆ ತಗೊಳ್ಳಿಕ್ಕೆ ತಯಾರಿರ್ಬೇಕು ಅಂತ ಅವರು ಬರೀತಾರೆ. ನಿನಗೆ ಅನ್ಸಿದ್ದಕ್ಕೂ ಮನಸ್ಸಾಕ್ಷಿಗೂ ಇರೋ ವ್ಯತ್ಯಾಸ ಅಲ್ಲೇ ಗೊತ್ತಾಗೋದು, ಕದ್ದು ಮುಚ್ಚಿ ಮುರಿದು ತಪ್ಪಿಸ್ಕೊಳ್ಳೋದಕ್ಕೆ ಅಗಸ್ಟೀನರ ಹೆಸರು ಬೇಕಾಗಿಲ್ಲ.

ಪ್ರಶ್ನೆ: ನನ್ನ ತಂಗಿಯ ಮದುವೆಯನ್ನ ಬಿಷಪ್ ಹೌಸಿನ ಟ್ರಿಬ್ಯೂನಲ್ ರದ್ದು ಮಾಡಿ ಕಾಗದ ಕೊಟ್ಟಿದೆ. ಈಗ ಇನ್ನೊಂದು ಸಂಬಂಧ ಬಂದಿದೆ. ಕೋರ್ಟಿಗೂ ಹೋಗ್ಬೇಕಾ? ಚರ್ಚಿನ ತೀರ್ಪಿಗೆ ಬೆಲೆ ಇಲ್ವಾ? (ಒಬ್ಬ ಅಣ್ಣ, ಮಂಗಳೂರು)

ಹೋಗ್ಲೇಬೇಕು. ತಡ ಮಾಡದೆ ಹೋಗಿ, ಆಮೇಲೆ ಕೂತು ಮುಂದಿನದ್ದು ಓದಿ.

ನಮ್ಮ ಬೀದಿಯಲ್ಲಿ ಒಬ್ಬ ಹುಡುಗಿ ಇದ್ದಳು, ನನ್ನ ಮಗಳ ಓರಗೆಯವಳು. ಮದುವೆಯಾದ ಆರು ತಿಂಗಳಿಗೆ ವಾಪಸ್ ಬಂದಳು, ಕಾರಣ ಇಲ್ಲಿ ಬೇಡ. ಬಿಷಪ್ ಹೌಸಿನ ಟ್ರಿಬ್ಯೂನಲಿಗೆ ಅರ್ಜಿ ಹಾಕಿ, ಸಾಕ್ಷಿ ಕೊಟ್ಟು, ನಾಲ್ಕು ವರ್ಷ ಓಡಾಡಿ ಕೊನೆಗೆ ಆ ಮದುವೆ ಮೊದಲಿಂದಲೇ ಸಿಂಧುವಲ್ಲ ಅಂತ ತೀರ್ಪು ಸಿಕ್ತು. ಒಂದು ಸಂಜೆ ತಾಯಿ ಮಗಳು ಇಬ್ಬರೂ ನಮ್ಮ ಮನೆಗೆ ಬಂದ್ರು, ಹೊಸ ಸಂಬಂಧ ಕೂಡಿ ಬಂದಿದೆ ಅಂತ ಸಿಹಿ ಹಿಡ್ಕೊಂಡು. ಕೋರ್ಟ್ ಡಿಕ್ರಿ ಎಲ್ಲಿ ಅಂತ ನಾನು ಕೇಳಿದೆ. ಆ ಹುಡುಗಿ ಪ್ಲಾಸ್ಟಿಕ್ ಕವರಿಂದ ಕಾಗದ ತೆಗೆದು ಮೇಜಿನ ಮೇಲೆ ಇಟ್ಟಳು, ನಾಲ್ಕು ಮಡಿಕೆ ಮಾಡಿದ್ದು, ಕೆಳಗೆ ದುಂಡಗಿನ ಸೀಲು, ಮಡಿಕೆಯ ಗೆರೆಗಳು ಆಗಲೇ ಸವೆದು ಹೋಗಿದ್ವು, ಎಷ್ಟು ಸಲ ಬಿಚ್ಚಿ ಓದಿದ್ದಳೋ ಏನೋ. ಇದೇ ಅಲ್ವಾ ಅಂಕಲ್ ಅಂದಳು. ನಾಲ್ಕು ವರ್ಷದಲ್ಲಿ ಯಾರೂ, ಒಬ್ಬರೂ ಅವಳಿಗೆ ಹೇಳಿರ್ಲಿಲ್ಲ, ಈ ಕಾಗದ ಇಗರ್ಜಿಯ, ಅಂದ್ರೆ ಚರ್ಚಿನ, ಒಳಗೆ ಮಾತ್ರ ನಡೀತದೆ, ಸರ್ಕಾರದ ಲೆಕ್ಕದಲ್ಲಿ ನೀನು ಇನ್ನೂ ಅವನ ಹೆಂಡತಿ ಅಂತ. ಆ ಸಿಹಿ ನಮ್ಮ ಮೇಜಿನ ಮೇಲೆ ಹಾಗೇ ಉಳೀತು. ಇನ್ನೂ ಎರಡು ವರ್ಷ ಕೋರ್ಟು ಸುತ್ತಿದಳು, ಆ ಸಂಬಂಧ ಕಾಯ್ಲಿಲ್ಲ.

ಕಾನೂನು ಹೀಗಿದೆ ನೋಡಿ. ಭಾರತದಲ್ಲಿ ಕ್ರೈಸ್ತರ ಮದುವೆ ಮುರಿಯೋದು, ರದ್ದಾಗೋದು ಎರಡೂ 1869ರ ವಿಚ್ಛೇದನ ಕಾಯ್ದೆಯ ಪ್ರಕಾರ, ಕೋರ್ಟಲ್ಲಿ. ಚರ್ಚ್ ಟ್ರಿಬ್ಯೂನಲ್ ರದ್ದು ಮಾಡಿದ್ದನ್ನ ನಂಬಿ ಇನ್ನೊಂದು ಮದುವೆಯಾದ ಪ್ರಕರಣ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿತ್ತು, ಮೊದಲ ಮದುವೆ ಕಾನೂನಿನಲ್ಲಿ ಇನ್ನೂ ಇದೆ, ಹಾಗಾಗಿ ಎರಡನೇದು ಅಸಿಂಧು ಅಂತ ತೀರ್ಪಾಯ್ತು. ಚರ್ಚ್ ಕೋರ್ಟುಗಳ ತೀರ್ಪಿಗೆ ಮಾನ್ಯತೆ ಕೊಡಿ, ಚರ್ಚಿನ ಒಳಗಿನ ಕ್ಯಾನನ್ ಕಾನೂನು ನಮ್ಮ ಪರ್ಸನಲ್ ಲಾ ಅಂತ ನಿಮ್ಮ ಮಂಗಳೂರಿನವರೇ ಆದ ಒಬ್ಬ ವಕೀಲರು ಸುಪ್ರೀಂ ಕೋರ್ಟಿಗೆ ಹೋಗಿದ್ರು, ಅದೂ 2017ರ ಜನವರಿಯಲ್ಲಿ ವಜಾ ಆಯ್ತು. ಡಿಕ್ರಿ ಇಲ್ಲದೆ ಮದುವೆಯಾದ್ರೆ ದ್ವಿಪತ್ನಿತ್ವ ದ್ವಿಪತಿತ್ವದ ಕೇಸು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 82ನೇ ಸೆಕ್ಷನ್ನು.

ಇದ್ರಿಂದ ಚರ್ಚಿಗೆ ಅವಮಾನ ಆಯ್ತು ಅಂತ ತುಂಬಾ ಜನ ನನ್ನ ಹತ್ರ ಹೇಳಿದ್ದಾರೆ. ನಾನು ಒಪ್ಪೋದಿಲ್ಲ. ಟ್ರಿಬ್ಯೂನಲ್ ಉತ್ತರ ಕೊಡೋ ಪ್ರಶ್ನೆಯೇ ಬೇರೆ, ದೇವರ ಮುಂದೆ ಆ ಮದುವೆಯ ಸಂಸ್ಕಾರ ನಿಜವಾಗಿ ನಡೆದಿತ್ತಾ, ಇಲ್ವಾ ಅನ್ನೋದು. ಕೋರ್ಟಿನ ಪ್ರಶ್ನೆ, ಆಸ್ತಿ ಯಾರಿಗೆ, ಮಗು ಯಾರ ಹತ್ರ, ಜೀವನಾಂಶ ಎಷ್ಟು, ಮುಂದೆ ಮದುವೆ ಆಗಬಹುದಾ ಅನ್ನೋದು. ಎರಡನೇದಕ್ಕೆ ಉತ್ತರ ಹೇಳೋ ಅಧಿಕಾರ ನಾವು ವೋಟು ಹಾಕಿ ಕಳ್ಸಿದವರು ಮಾಡಿದ ಕಾನೂನಿಗೆ ಇರ್ಬೇಕು, ಯಾಕಂದ್ರೆ ಅದು ತಪ್ಪಿದ್ರೆ ನಾವು ಬದಲಾಯಿಸಬಹುದು. ಬದಲಾಯಿಸಿದ್ದೂ ಉಂಟು. ಆ 1869ರ ಕಾಯ್ದೆಯಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರ ಒಂದನ್ನ ತೋರಿಸಿದ್ರೆ ಸಾಕಿತ್ತು, ಹೆಂಡತಿಗೆ ವ್ಯಭಿಚಾರದ ಜೊತೆ ಕ್ರೌರ್ಯವೋ ಬಿಟ್ಟು ಹೋದದ್ದೋ ಇನ್ನೊಂದು ಸೇರಿಸಿ ಸಾಬೀತು ಮಾಡ್ಬೇಕಿತ್ತು. ಅಂದ್ರೆ ಹೊಡೆದ್ರೂ ಸಾಲದು, ಬೇರೆಯವಳ ಹತ್ರ ಹೋಗಿದ್ರೂ ಸಾಲದು, ಎರಡೂ ಆಗಿರ್ಬೇಕು. 132 ವರ್ಷ ಇದೇ ನಡೀತು. ಕ್ರೈಸ್ತ ಮಹಿಳಾ ಸಂಘಟನೆಗಳು ಕೇಳಿ ಕೇಳಿ, ಕೇರಳ ಮತ್ತು ಬಾಂಬೆ ಹೈಕೋರ್ಟುಗಳು ಇದು ಸಮಾನತೆಗೆ ವಿರುದ್ಧ ಅಂತ ಹೇಳಿ, ಕೊನೆಗೆ 2001ರಲ್ಲಿ ಪಾರ್ಲಿಮೆಂಟು ತಿದ್ದಿತು, ಇಬ್ಬರೂ ಒಪ್ಪಿ ಬೇರೆ ಆಗೋದಕ್ಕೂ ಆಗಲೇ ದಾರಿ ಸಿಕ್ಕಿದ್ದು. ನನ್ನ ಚರ್ಚಿನ ಹೆಣ್ಣುಮಕ್ಕಳಿಗೆ ಆ ನ್ಯಾಯ ಕೊಟ್ಟದ್ದು ಪಾರ್ಲಿಮೆಂಟು, ಅದನ್ನ ನಾನು ಕೃತಜ್ಞತೆಯಿಂದಲೇ ಹೇಳ್ತೇನೆ.

ನಿಮ್ಮ ತಂಗಿಗೆ ಹೇಳಿ, ಟ್ರಿಬ್ಯೂನಲ್ ಕಾಗದ ಬಿಸಾಡೋದು ಬೇಡ, ಚರ್ಚಲ್ಲಿ ಮದುವೆಯಾಗ್ಲಿಕ್ಕೆ ಅದು ಬೇಕೇ ಬೇಕು. ಕೋರ್ಟ್ ಡಿಕ್ರಿ ಒಂದೇ ಇದ್ರೆ ಇಗರ್ಜಿಯಲ್ಲಿ ಮದುವೆ ಆಗೋದಿಲ್ಲ, ಟ್ರಿಬ್ಯೂನಲ್ ಕಾಗದ ಒಂದೇ ಇದ್ರೆ ಕಾನೂನಲ್ಲಿ ಆಗೋದಿಲ್ಲ. ಎರಡೂ ಅರ್ಜಿ ಒಟ್ಟಿಗೇ ಹಾಕಿದ್ರೆ ವರ್ಷಗಳು ಉಳೀತಾವೆ. ಇದನ್ನ ಪ್ರತಿಯೊಂದು ಪ್ಯಾರಿಷ್ ಆಫೀಸಿನ ಗೋಡೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಹಾಕ್ಬೇಕು ಅಂತ ನನ್ನ ಆಸೆ.

ಪ್ರಶ್ನೆ: ನಂಬಿಕೆ ಇರೋ ಮಂತ್ರಿಯೋ ರಾಷ್ಟ್ರಪತಿಯೋ ತನ್ನ ಮನಸ್ಸಾಕ್ಷಿಗೆ ಒಪ್ಪದ ಮಸೂದೆಗೆ ಸಹಿ ಹಾಕ್ಬೇಕಾದ್ರೆ ಏನು ಮಾಡ್ಬೇಕು? ಥಾಮಸ್ ಮೋರ್ ಥರ ಸಾಯ್ಲಿಕ್ಕಂತೂ ಆಗೋದಿಲ್ಲ. (ನಿವೃತ್ತ ಅಧಿಕಾರಿ, ಮೈಸೂರು)

ಬೆಲ್ಜಿಯಂ ರಾಜ ಬೋದುವೆನ್ ಅವರಿಗೆ 1990ರಲ್ಲಿ ಇದೇ ಆಯ್ತು. ಪಾರ್ಲಿಮೆಂಟು ಗರ್ಭಪಾತಕ್ಕೆ ಅವಕಾಶ ಕೊಡೋ ಮಸೂದೆ ಪಾಸು ಮಾಡ್ತು, ರಾಜನ ಸಹಿ ಇಲ್ಲದೆ ಅದು ಕಾನೂನಾಗೋದಿಲ್ಲ, ರಾಜ ಗಟ್ಟಿ ಕ್ಯಾಥೊಲಿಕ್. ಮನಸ್ಸಾಕ್ಷಿಯ ಸ್ವಾತಂತ್ರ್ಯ ಎಲ್ಲರಿಗೂ ಉಂಟು, ರಾಜನಿಗೆ ಮಾತ್ರ ಇಲ್ವಾ ಅಂತ ಪ್ರಧಾನಿಗೆ ಪತ್ರ ಬರೆದ್ರು. ಆದ್ರೆ ಅದೇ ಪತ್ರದಲ್ಲಿ, ನನ್ನಿಂದ ಪ್ರಜಾಪ್ರಭುತ್ವ ನಿಲ್ಲಬಾರ್ದು, ಏನಾದ್ರೂ ದಾರಿ ಹುಡುಕಿ ಅಂತಲೂ ಕೇಳಿದ್ರು. ರಾಜ ಆಳ್ಲಿಕ್ಕೆ ಆಗದ ಸ್ಥಿತಿಯಲ್ಲಿದ್ರೆ ಮಂತ್ರಿಮಂಡಲವೇ ಆ ಅಧಿಕಾರ ನಡೆಸಬಹುದು ಅಂತ ಅಲ್ಲಿನ ಸಂವಿಧಾನದಲ್ಲಿ ಒಂದು ವಿಧಿ ಇತ್ತು, ಅದನ್ನ ಬಳಸಿದ್ರು, ಮಂತ್ರಿಗಳು ಸಹಿ ಹಾಕಿದ್ರು, ಏಪ್ರಿಲ್ 5ಕ್ಕೆ ಪಾರ್ಲಿಮೆಂಟು ರಾಜನನ್ನ ವಾಪಸ್ ಕರ್ಕೊಂಡ್ತು. ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ ಅಂತ ಟೀಕೆ ಮಾಡಿದವರು ಇದ್ದಾರೆ. ನನಗೆ ಹಾಗೆ ಅನ್ಸೋದಿಲ್ಲ, ಆ ಮನುಷ್ಯ ತನ್ನ ಕೈಯನ್ನ ಮಾತ್ರ ಹಿಂದಕ್ಕೆ ತಗೊಂಡ್ರು, ಬೇರೆಯವರ ಕೈ ಹಿಡಿದು ನಿಲ್ಲಿಸ್ಲಿಲ್ಲ. ಅಧಿಕಾರದಲ್ಲಿ ಇರೋ ಭಕ್ತನಿಗೆ ಇದಕ್ಕಿಂತ ಒಳ್ಳೇ ಅಳತೆ ನನಗೆ ಗೊತ್ತಿಲ್ಲ.

ಅಮೆರಿಕದ ಅಧ್ಯಕ್ಷ ಹುದ್ದೆಗೆ ನಿಂತಿದ್ದ ಕ್ಯಾಥೊಲಿಕ್ ಕೆನಡಿ 1960ರ ಸೆಪ್ಟೆಂಬರ್ 12ಕ್ಕೆ ಹ್ಯೂಸ್ಟನ್ನಿನಲ್ಲಿ ಪ್ರಾಟೆಸ್ಟೆಂಟ್ ಪಾದ್ರಿಗಳ ಮುಂದೆ ನಿಂತು ಹೇಳಿದ್ದೂ ಇದೇ ದಾರಿಯದ್ದು. ಹುದ್ದೆ ನನ್ನ ಮನಸ್ಸಾಕ್ಷಿ ಮುರಿ ಅಂದ್ರೆ ಅಥವಾ ದೇಶದ ಹಿತ ಮುರಿ ಅಂದ್ರೆ ಹುದ್ದೆ ಬಿಡ್ತೇನೆ ಅಂತ. ಕ್ಯಾಥೊಲಿಕ್ ಅಧ್ಯಕ್ಷ ಆದ್ರೆ ಪೋಪ್ ಅಮೆರಿಕ ಆಳ್ತಾರೆ ಅಂತ ಹೆದರಿಸ್ತಿದ್ದ ಕಾಲ ಅದು. ಶಾಸಕರಿಗೆ ಇನ್ನೊಂದು ದಾರಿಯನ್ನ ಪೋಪ್ ಎರಡನೇ ಜಾನ್ ಪಾಲ್ 1995ರ ಸುತ್ತೋಲೆ ಪತ್ರದಲ್ಲಿ ಹೇಳಿದ್ದಾರೆ, ತನಗೆ ಒಪ್ಪದ ಕಾನೂನನ್ನ ಪೂರ್ತಿ ತೆಗೀಲಿಕ್ಕೆ ಆಗದಿದ್ದಾಗ ಅದರ ಹಾನಿ ಕಡಿಮೆ ಮಾಡೋ ತಿದ್ದುಪಡಿಗೆ ವೋಟು ಹಾಕಬಹುದು ಅಂತ. ರಾಜಿಯೆಲ್ಲ ಪಾಪ ಅಲ್ಲ.

ಪ್ರಶ್ನೆ: ನಿಮ್ಮ ಮೋರ್ ಕೂಡ ಚಾನ್ಸಲರ್ ಆಗಿದ್ದಾಗ ಬೇರೆ ನಂಬಿಕೆಯವರನ್ನ ಸುಡಿಸಿದವನೇ ಅಲ್ವಾ? ಅದನ್ನ ಯಾಕೆ ಬರೀಲಿಲ್ಲ? ಪ್ರಜಾಪ್ರಭುತ್ವವನ್ನ ವಿರೋಧ ಮಾಡಿದ್ದು ಕ್ಯಾಥೊಲಿಕ್ ಚರ್ಚೇ ತಾನೆ? (ಇತಿಹಾಸ ಮೇಷ್ಟ್ರು, ಕೊಪ್ಪಳ)

ಮೇಷ್ಟ್ರೇ, ಬರೀಬೇಕಿತ್ತು, ತಪ್ಪಾಯ್ತು. ಹೌದು, ಅವರು ಚಾನ್ಸಲರ್ ಆಗಿದ್ದಾಗ ಧರ್ಮದ್ರೋಹಿಗಳು ಅಂತ ಜನರನ್ನ ಜೀವಂತ ಸುಟ್ರು, ಅವರು ಅದನ್ನ ಸಮರ್ಥನೆ ಕೂಡ ಮಾಡಿದ್ರು. ತನ್ನ ಮನಸ್ಸಾಕ್ಷಿಗಾಗಿ ಪ್ರಾಣ ಕೊಟ್ಟ ಮನುಷ್ಯನಿಗೆ ಎದುರಿನವನ ಮನಸ್ಸಾಕ್ಷಿ ಕಾಣ್ಲಿಲ್ಲ. ಅದು ಅವರೊಬ್ಬರ ಕುರುಡಲ್ಲ, ನಮ್ಮ ಚರ್ಚಿಗೇ ಅದು ಕಾಣ್ಲಿಕ್ಕೆ ಇನ್ನೂ ನಾನೂರ ಮೂವತ್ತು ವರ್ಷ ಹಿಡೀತು.

ಎರಡನೇ ಪ್ರಶ್ನೆಗೂ ಹೌದು ಅನ್ನೋದೇ ಉತ್ತರ. 1864ರಲ್ಲಿ ಪೋಪ್ ಒಂಬತ್ತನೇ ಪಯಸ್ ಅವರು ತಪ್ಪು ವಿಚಾರಗಳು ಅಂತ 80 ಹೇಳಿಕೆಗಳ ಪಟ್ಟಿ ಹೊರಡಿಸಿದ್ರು, ಕೊನೆಯದು, ಪೋಪ್ ಆಧುನಿಕ ನಾಗರಿಕತೆಯ ಜೊತೆ ರಾಜಿ ಮಾಡ್ಕೊಳ್ಳಬೇಕು ಅನ್ನೋದೇ ತಪ್ಪು ಅಂತ. ಆಮೇಲೆ ಇಟಲಿಯ ಕ್ಯಾಥೊಲಿಕರು ಪಾರ್ಲಿಮೆಂಟ್ ಎಲೆಕ್ಷನ್ನಲ್ಲಿ ಭಾಗವಹಿಸೋದೇ ಬೇಡ ಅನ್ನೋ ಅಪ್ಪಣೆ 1868ರಿಂದ, ಅದು ಪೂರ್ತಿ ಹೋಗಿದ್ದು 1919ರಲ್ಲಿ. ಹನ್ನೆರಡನೇ ಪಯಸ್ 1944ರ ಕ್ರಿಸ್ಮಸ್ ಭಾಷಣದಲ್ಲಿ ಪ್ರಜಾಪ್ರಭುತ್ವದ ಬಗ್ಗೆ ಒಳ್ಳೇ ಮಾತು ಆಡೋ ಹೊತ್ತಿಗೆ ಯುರೋಪು ಹಿಟ್ಲರ್ ಮುಸೋಲಿನಿಯರ ಕೈಯಲ್ಲಿ ಸುಟ್ಟು ಬೂದಿಯಾಗಿತ್ತು.

ಆದ್ರೆ ಆಮೇಲೆ ಆದದ್ದನ್ನೂ ನಿಮ್ಮ ಮಕ್ಕಳಿಗೆ ಹೇಳಿ. ಜಾನ್ ಕೋರ್ಟ್ನಿ ಮರ್ರೇ ಅಂತ ಅಮೆರಿಕದ ಜೆಸ್ವಿಟ್ (ಕ್ಯಾಥೊಲಿಕ್ ಪಾದ್ರಿಗಳ ಒಂದು ಸಂಘ) ಫಾದರ್ ಒಬ್ಬರು, ಸರ್ಕಾರಕ್ಕೆ ಯಾವ ಧರ್ಮ ಸತ್ಯ ಅಂತ ತೀರ್ಮಾನ ಮಾಡೋ ಯೋಗ್ಯತೆಯೇ ಇಲ್ಲ, ಹಾಗಾಗಿ ಧರ್ಮ ಸ್ವಾತಂತ್ರ್ಯ ಕ್ಯಾಥೊಲಿಕ್ ವಿಚಾರಕ್ಕೆ ಒಪ್ಪೋದೇ ಅಂತ ಬರೀತಾ ಬಂದ್ರು. 1950ರ ದಶಕದಲ್ಲಿ ಮೇಲಿನವರು ಈ ವಿಷಯ ಬರೀಬೇಡಿ ಅಂದ್ರು, ವಿಧೇಯರಾಗಿ ನಿಲ್ಲಿಸಿದ್ರು. ಲೋಕದ ಬಿಷಪ್‌ಗಳೆಲ್ಲ ಸೇರಿದ ಎರಡನೇ ವ್ಯಾಟಿಕನ್ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅವರನ್ನ ಕರೀಲಿಲ್ಲ, 1963ರಲ್ಲಿ ಕರೆದ್ರು, 1965ರ ಡಿಸೆಂಬರ್ 7ಕ್ಕೆ 2,308 ಬಿಷಪ್‌ಗಳು ಹೌದು ಅಂತ 70 ಜನ ಇಲ್ಲ ಅಂತ ವೋಟು ಹಾಕಿ ಧರ್ಮ ಸ್ವಾತಂತ್ರ್ಯದ ಘೋಷಣೆ ಪಾಸಾಯ್ತು. ಧರ್ಮದ ವಿಷಯದಲ್ಲಿ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧ ಒತ್ತಾಯ ಮಾಡ್ಬಾರ್ದು, ಇದು ಮನುಷ್ಯನ ಘನತೆಯಿಂದಲೇ ಬಂದ ಹಕ್ಕು ಅಂತ. ಯಾವುದನ್ನ ಬರೀಬೇಡ ಅಂದಿದ್ರೋ ಅದೇ ಚರ್ಚಿನ ಬೋಧನೆ ಆಯ್ತು.

ಇದೇ ಮಾತು ನಮ್ಮ ಸಂವಿಧಾನದ 25ನೇ ವಿಧಿಯಲ್ಲಿ 1950ರಲ್ಲೇ ಬಂದಿತ್ತು, ವ್ಯಾಟಿಕನ್ನಿಗಿಂತ ಹದಿನೈದು ವರ್ಷ ಮೊದಲು. ಅದನ್ನ ಬರೆದ ಸಂವಿಧಾನ ಸಭೆಯಲ್ಲಿ ಮಂಗಳೂರಲ್ಲಿ ಹುಟ್ಟಿದ ಜೆಸ್ವಿಟ್ ಫಾದರ್ ಜೆರೋಮ್ ಡಿಸೋಜಾ ಕೂತಿದ್ರು, ಮದ್ರಾಸ್ ಪ್ರಾಂತ್ಯದಿಂದ ಆರಿಸಿ ಹೋದವರು. ರೋಮಿನ ಬಿಷಪ್‌ಗಳು ಇನ್ನೂ ಈ ಪ್ರಶ್ನೆಗೆ ಉತ್ತರ ಹುಡುಕ್ತಾ ಇರೋ ಕಾಲದಲ್ಲಿ ನಮ್ಮ ಕರಾವಳಿಯ ಒಬ್ಬ ಪಾದ್ರಿ ಅಂಬೇಡ್ಕರ್ ಇದ್ದ ಸಭೆಯಲ್ಲಿ ಎಲ್ಲ ಧರ್ಮದವರ ಹಕ್ಕಿನ ಮಾತಾಡ್ತಿದ್ರು ಅನ್ನೋದು ನನಗೆ ತುಂಬಾ ಹೆಮ್ಮೆ.

ಪ್ರಶ್ನೆ: ಹಾಗಾದ್ರೆ ಫಾದರ್‌ಗಳು ಎಲೆಕ್ಷನ್‌ಗೆ ನಿಲ್ಲಬಹುದಾ? ಪೂಜೆಯಲ್ಲಿ ಇಂಥವರಿಗೆ ವೋಟು ಹಾಕಿ ಅಂತ ಹೇಳಬಹುದಾ? (ಚಿಕ್ಕಮಗಳೂರು)

ಎಲೆಕ್ಷನ್‌ಗೆ ನಿಲ್ಲೋದಕ್ಕೆ ದೇಶದ ಕಾನೂನು ಅಡ್ಡ ಇಲ್ಲ, ಚರ್ಚಿನ ಕಾನೂನೇ ಅಡ್ಡ. 1983ರ ಕ್ಯಾನನ್ ಸಂಹಿತೆ ಸರ್ಕಾರಿ ಅಧಿಕಾರ ನಡೆಸೋ ಹುದ್ದೆಗಳನ್ನ ಪಾದ್ರಿಗಳು ತಗೊಳ್ಳಬಾರ್ದು ಅಂತ ಹೇಳ್ತದೆ. ಅಮೆರಿಕದ ಫಾದರ್ ರಾಬರ್ಟ್ ಡ್ರೈನನ್ ಹತ್ತು ವರ್ಷ ಸಂಸದರಾಗಿದ್ದವರು, 1980ರಲ್ಲಿ ಪೋಪ್ ಹೇಳಿದ ಮೇಲೆ ಮತ್ತೆ ನಿಲ್ಲಲಿಲ್ಲ.

ಪೂಜೆಯಲ್ಲಿ ಹೆಸರು ಹೇಳೋದು ಎರಡೂ ಕಾನೂನಲ್ಲಿ ತಪ್ಪು. ಜನಪ್ರಾತಿನಿಧ್ಯ ಕಾಯ್ದೆಯ 123ನೇ ಸೆಕ್ಷನ್ ನೋಡಿ, ಧರ್ಮದ ಹೆಸರಲ್ಲಿ ವೋಟು ಕೇಳೋದು ಭ್ರಷ್ಟಾಚಾರ, ಅಷ್ಟೇ ಅಲ್ಲ, ವೋಟು ಹಾಕದಿದ್ರೆ ದೇವರ ಕೋಪಕ್ಕೆ ಗುರಿಯಾಗ್ತೀಯ ಅಂತ ಮತದಾರನಿಗೆ ಹೆದರಿಸೋದೂ ಅದ್ರಲ್ಲೇ ಬರ್ತದೆ. ಪೂಜಾ ಸ್ಥಳವನ್ನ ಪಕ್ಷದ ಕೆಲಸಕ್ಕೆ ಬಳಸೋದಕ್ಕೆ 1988ರ ಬೇರೆ ಕಾಯ್ದೆಯೇ ಉಂಟು. ನ್ಯಾಯ, ಬಡವರು, ಕೂಲಿ, ನೆಲ, ನೀರು ಇದರ ಬಗ್ಗೆ ಪ್ರವಚನ ಮಾಡಬಹುದು, ಮಾಡ್ಲೇಬೇಕು, ಪೋಪ್ ಹದಿಮೂರನೇ ಲಿಯೋ 1891ರಲ್ಲೇ ಕೂಲಿಗಾರರ ಸಂಬಳದ ಬಗ್ಗೆ, ಸಂಘ ಕಟ್ಟೋ ಹಕ್ಕಿನ ಬಗ್ಗೆ ಸುತ್ತೋಲೆ ಪತ್ರ ಬರೆದವರು.

ನಮ್ಮ ಹಳೇ ಫಾದರ್ ಒಬ್ಬರು ಇದ್ರು. ಎಲೆಕ್ಷನ್ ಹತ್ತಿರ ಬಂದಾಗ ಪೂಜೆಯ ಕೊನೆಗೆ ಪ್ರಕಟಣೆ ಓದ್ತಾ, ಮದುವೆ ಚೀಟಿಗಳ ಮಧ್ಯದಲ್ಲೇ, ವೋಟರ್ ಲಿಸ್ಟಿಗೆ ಹೆಸರು ಸೇರಿಸ್ಲಿಕ್ಕೆ ಕೊನೇ ದಿನ ಇಂಥದ್ದು, ಹದಿನೆಂಟು ತುಂಬಿದ ಮಕ್ಕಳನ್ನ ಕರ್ಕೊಂಡು ಹೋಗಿ, ಎಸ್ಟೇಟಲ್ಲಿ ಕೆಲಸ ಮಾಡೋರಿಗೆ ಆ ದಿನ ರಜೆ ಕೊಡಿ ಅಂತ ಹೇಳಿ, ಧಣಿಗಳು ಕೂರೋ ಮುಂದಿನ ಸಾಲಿನ ಕಡೆ ಒಂದು ನಿಮಿಷ ನೋಡ್ತಾ ನಿಲ್ತಿದ್ರು. ಆಮೇಲೆ ಕೊನೇ ಹಾಡು.